ಸಿಮೆಂಟ್ ಮೂಟೆಯೊಳಗಿನ ಇಂಗಾಲದ ಲೆಕ್ಕ

ಚೌಳಹಿರಿಯೂರಿನಲ್ಲಿ ಮನೆ ಕಟ್ಟೋಕೆ ಹೊರಟವರಿಗೂ ಬರೋ ಪ್ರಶ್ನೆ: ಓಪಿಸಿ ತರಿಸೋದಾ, ಪಿಪಿಸಿನಾ? ಇದು ಬರೀ ದರದ ಮಾತಲ್ಲ, ಇಂಗಾಲದ ಲೆಕ್ಕವೂ ಹೌದು.

100 ಕೆ.ಜಿ. ಶುದ್ಧ ಸುಣ್ಣದಕಲ್ಲು ಸುಟ್ಟರೆ ಉಳಿಯೋದು 56 ಕೆ.ಜಿ. ಸುಣ್ಣ, ಉಳಿದ 44 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತೆ. ಗೂಡಿಗೆ ಕಲ್ಲಿದ್ದಲ ಬದಲು ಸೌರವಿದ್ಯುತ್ ಕೊಟ್ಟರೂ ಈ 44 ತಪ್ಪಲ್ಲ. ಸಿಮೆಂಟ್ ತಯಾರಿಕೆಯ ಹೊರಸೂಸುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಕಲ್ಲಿನಿಂದಲೇ ಬರುತ್ತದೆ. ಹಾಗಾಗಿ ಸುಲಭದ ದಾರಿ ಎಂದರೆ ಕ್ಲಿಂಕರ್ ಕಡಿಮೆ ಮಾಡೋದು.

ಪಿಪಿಸಿಯಲ್ಲಿ ಶೇ. 15ರಿಂದ 35ರಷ್ಟು ಹಾರುಬೂದಿ ಇರುತ್ತೆ. ರಾಯಚೂರಿನ ಶಾಖೋತ್ಪನ್ನ ಕೇಂದ್ರದಂಥ ಕಡೆ ಉಳಿಯೋ ಬೂದಿ ಅದು. ನಾವು ಲೆಕ್ಕ ಹಾಕಿದಂತೆ, 50 ಕೆ.ಜಿ. ಓಪಿಸಿ ಮೂಟೆಗೆ ಕಲ್ಲಿನಿಂದಲೇ ಸುಮಾರು 24 ಕೆ.ಜಿ. ಡೈಆಕ್ಸೈಡ್ ಬಂದರೆ, ಶೇ. 30 ಬೂದಿಯ ಪಿಪಿಸಿಗೆ ಸುಮಾರು 17.

ಒಂದು ಷರತ್ತಿದೆ. ಪಿಪಿಸಿ ನಿಧಾನವಾಗಿ ಗಟ್ಟಿಯಾಗುತ್ತೆ. ಐಎಸ್ 456:2000ರ ಪ್ರಕಾರ ಒಣ, ಬಿಸಿ ಹವೆಯಲ್ಲಿ ಇಂಥ ಕಾಂಕ್ರೀಟಿಗೆ ಕನಿಷ್ಠ 10 ದಿನ ಕ್ಯೂರಿಂಗ್ ಬೇಕು, ಅದನ್ನು 14 ದಿನಕ್ಕೆ ವಿಸ್ತರಿಸಲು ಶಿಫಾರಸೂ ಇದೆ. ಕಡೂರಿನ ಬಯಲು ಕಡೆ ನೀರೇ ದುಬಾರಿ. ಒದ್ದೆ ಗೋಣಿಚೀಲ ಹೊದಿಸಿ, ಒಣಗದಂತೆ ನೋಡಿಕೊಂಡರೆ ಕಡಿಮೆ ನೀರಲ್ಲೇ ಕೆಲಸ ಆಗುತ್ತೆ. ಕ್ಯೂರಿಂಗ್ ಅರ್ಧಕ್ಕೆ ಬಿಟ್ಟರೆ ಇಂಗಾಲವೇನೋ ಉಳಿದೀತು, ಮನೆ ಬಿರುಕು ಬಿಟ್ಟೀತು.