ಇಂದಿನ ಧಮ್ಮ ಚಿಂತನೆ: ಕೆಂಚನ ಕಾಲು ಮತ್ತು ಎರಡನೆಯ ಬಾಣ

ಈ ವಾರದ ಸರದಿ ನನ್ನದು. ಸಂಯುತ್ತ ನಿಕಾಯದ ಸಲ್ಲ ಸುತ್ತದ ಬಗ್ಗೆ ಬರೆಯುತ್ತೇನೆಂದು ಹದಿನೈದು ದಿನದ ಹಿಂದೆಯೇ ಒಪ್ಪಿಕೊಂಡಿದ್ದೆ. ಪುಸ್ತಕ ತೆರೆದು ಕೂತರೆ ಮನಸ್ಸಿಗೆ ಬಂದದ್ದು ನಮ್ಮ ಮನೆಯ ನಾಯಿ. ಭಾನುವಾರದ ವಂದನೆಗೆ ನಾನು ಎರಡು ತಿಂಗಳು ಸರಿಯಾಗಿ ಬರದೇ ಇದ್ದದ್ದಕ್ಕೆ ಕಾರಣ ಕೇಳಿದವರಿಗೆ "ಮನೇಲಿ ಸ್ವಲ್ಪ ತೊಂದರೆ" ಎಂದಷ್ಟೇ ಹೇಳಿದ್ದೆ. ನಾಯಿಗಾಗಿ ಅಳುತ್ತಿದ್ದೇನೆ ಎಂದು ಹೇಳಲು ನಾಚಿಕೆಯಾಗಿತ್ತು. ಇವತ್ತು ಹೇಳಿಬಿಡುತ್ತೇನೆ.

ಆರು ವರ್ಷದ ಹಿಂದೆ ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದ ಕೆಳಗೆ ಮಳೆಯಲ್ಲಿ ನೆನೆದು ನಡುಗುತ್ತಿದ್ದ ಮರಿಯನ್ನು ನನ್ನ ಮಗಳು ಸ್ಕೂಲ್ ಬ್ಯಾಗಿನಲ್ಲಿ ಹಾಕಿಕೊಂಡು ಮನೆಗೆ ತಂದಳು. ಆಗ ಅವಳು ಮೂರನೇ ಕ್ಲಾಸು, ಈಗ ಒಂಬತ್ತು. ಮೈಬಣ್ಣ ಕೆಂಚಗಿತ್ತು ಅಂತ ನಮ್ಮವ್ವನೇ ಕೆಂಚ ಎಂದು ಕರೆದದ್ದು. ಕಳೆದ ಆಷಾಢ ಹುಣ್ಣಿಮೆಯ ಮಾರನೆಯ ಬೆಳಿಗ್ಗೆ ಹಾಲು ತರಲು ಹೋದ ನಾನು ಗೇಟಿನ ಚಿಲಕ ಹಾಕಲಿಲ್ಲ. ಕೆಂಚ ನನ್ನ ಹಿಂದೆಯೇ ಬಂದ. ನಮ್ಮ ಕ್ರಾಸಿನಲ್ಲಿ ರಿವರ್ಸ್ ಬರುತ್ತಿದ್ದ ನೀರಿನ ಟ್ಯಾಂಕರ್ ಅವನ ಎಡ ಮುಂಗಾಲನ್ನು ಎಳೆದುಕೊಂಡು ಹೋಯಿತು.

ಎಕ್ಸ್-ರೇ ನೋಡಿದಾಗ ಮೂಳೆ ಮುರಿದಿರಲಿಲ್ಲ. ನಾವೆಲ್ಲ ಖುಷಿಪಟ್ಟೆವು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಡಾಕ್ಟರು ಕಾಲನ್ನು ಅಲ್ಲಲ್ಲಿ ಗಟ್ಟಿಯಾಗಿ ಚಿವುಟಿ ನೋಡಿ, "ಮೂಳೆ ಮುರಿದಿದ್ದರೇ ಚೆನ್ನಾಗಿತ್ತು ಸರ್, ಕೂಡಿಸಬಹುದಿತ್ತು" ಎಂದರು. ಕುತ್ತಿಗೆಯ ಹತ್ತಿರ ಬೆನ್ನುಹುರಿಯಿಂದ ಹೊರಟು ಮುಂಗಾಲಿಗೆ ಬರುವ ನರಗಳ ಕಟ್ಟು ಬೇರು ಸಮೇತ ಕಿತ್ತುಹೋಗಿತ್ತು. ಹಾಗೆ ಕಿತ್ತದ್ದು ಮತ್ತೆ ಕೂಡುವುದು ಬಹಳ ಅಪರೂಪ. ಆದರೂ ಕೆಲವು ವಾರ ಕಾದು ನೋಡೋಣ ಎಂದರು.

ಆ ಕಾಯುವಿಕೆಯೇ ಕಷ್ಟವಾಯಿತು. ಕಾಲು ಒದ್ದೆ ಬಟ್ಟೆಯ ಹಾಗೆ ನೇತಾಡುತ್ತಿತ್ತು. ಪಾದ ಮಡಚಿಕೊಂಡು ನೆಲಕ್ಕೆ ಉಜ್ಜಿ ಚರ್ಮ ಕಿತ್ತು ಬಂತು. ನಾನು ದಿನಾ ಅರ್ಧ ಗಂಟೆ ಉಜ್ಜಿ, ಮಡಚಿ, ಬಿಡಿಸಿ ವ್ಯಾಯಾಮ ಮಾಡಿಸುತ್ತಿದ್ದೆ; ಒಂದು ಬೆರಳು ಅಲುಗಿದ ಹಾಗೆ ಕಂಡರೂ ಮನೆಯವರನ್ನೆಲ್ಲ ಕರೆಯುತ್ತಿದ್ದೆ. ಆರನೆಯ ವಾರ ಕೆಂಚ ತನ್ನದೇ ಕಾಲ್ಬೆರಳನ್ನು ಕಡಿದು ತಿನ್ನತೊಡಗಿದ. ಸ್ಪರ್ಶ ಸತ್ತ ಅಂಗ ಅವನಿಗೆ ತನ್ನದೆಂದು ಗೊತ್ತಾಗುತ್ತಿರಲಿಲ್ಲ. ಅವತ್ತು ಡಾಕ್ಟರು, ಇನ್ನು ಕಾಯುವುದು ಬೇಡ, ತೆಗೆದುಬಿಡಬೇಕು ಎಂದರು.

ಮೊಣಕಾಲಿನ ತನಕವಾದರೂ ಉಳಿಸಿ ಎಂದು ಬೇಡಿಕೊಂಡೆ. ಅವರು ಸಮಾಧಾನವಾಗಿ ವಿವರಿಸಿದರು. ಅರ್ಧ ಕಾಲು ಬಿಟ್ಟರೆ ನಾಯಿ ಅದನ್ನೇ ಊರಲು ಹೋಗುತ್ತದೆ, ಗಾಯ ಮಾಡಿಕೊಳ್ಳುತ್ತದೆ. ಮುಂಗಾಲಾದರೆ ಸಾಮಾನ್ಯವಾಗಿ ಭುಜದ ಚಪ್ಪಟೆ ಮೂಳೆಯ ಸಮೇತ ತೆಗೆಯುತ್ತಾರೆ. ನನಗೆ ಉಳಿಸಿಕೊಂಡಂತೆ ಕಾಣುವ ಆಸೆ. ಅವನಿಗೆ ಬೇಕಿದ್ದದ್ದು ಓಡಾಡುವುದು.

ಈಗ ಸುತ್ತಕ್ಕೆ ಬರುತ್ತೇನೆ. ಬಾಣ ತಗುಲಿದ ಮನುಷ್ಯನಿಗೆ ಎರಡನೆಯ ಬಾಣವೂ ತಗುಲಿದರೆ ಹೇಗಿರುತ್ತದೆ ಎಂದು ಭಗವಾನರು ಭಿಕ್ಷುಗಳನ್ನು ಕೇಳುತ್ತಾರೆ. ಮೊದಲನೆಯದು ಮೈಯ ನೋವು. ಎರಡನೆಯದು ಆ ನೋವಿನ ಮೇಲೆ ಮನಸ್ಸು ಹೊಡೆದುಕೊಳ್ಳುವ ಗೋಳಾಟ. ಧಮ್ಮವನ್ನು ಕೇಳಿ ಅಭ್ಯಾಸ ಮಾಡಿದವನಿಗೂ ಮೊದಲನೆಯ ಬಾಣ ತಪ್ಪಿದ್ದಲ್ಲ. ಇದನ್ನು ನಾನು ಹಿಂದೆ ನಮ್ಮ ವಲಯದಲ್ಲೇ ಎರಡು ಸಲ ಚೆನ್ನಾಗಿ ವಿವರಿಸಿದ್ದೇನೆ, ಚಪ್ಪಾಳೆಯೂ ಸಿಕ್ಕಿತ್ತು. ಆದರೆ ಆಪರೇಷನ್ನಿನ ಹಿಂದಿನ ರಾತ್ರಿ ನನಗೆ ತಿಳಿದದ್ದು ಬೇರೆ. ಬಾಣ ತಗುಲಿದ್ದು ಕೆಂಚನಿಗೆ. ನನಗೆ ತಗುಲಿದ್ದು ಬರೀ ಎರಡನೆಯದು. ಅದರ ಹೆಸರು ಗೇಟಿನ ಚಿಲಕ.

ಚಿಲಕ ಹಾಕಿದ್ದಿದ್ದರೆ. ಹಾಲು ಐದು ನಿಮಿಷ ತಡವಾಗಿ ತಂದಿದ್ದರೆ. ಪಾಠ ಮಾಡುವಾಗ, ಬೋರ್ಡಿನ ಮೇಲೆ ಬರೆಯುವಾಗ, ಬಸ್ಸಿನಲ್ಲಿ ನಿಂತಾಗ ಅದೇ. ಧ್ಯಾನಕ್ಕೆ ಕೂತರೆ ಉಸಿರಿನ ಜಾಗದಲ್ಲಿ ಚಿಲಕದ ಸದ್ದು ಕೇಳುತ್ತಿತ್ತು. ಇದು ಎರಡನೆಯ ಬಾಣ ಎಂದು ಗೊತ್ತಿದ್ದ ಮಾತ್ರಕ್ಕೆ ಅದು ಕಿತ್ತು ಬರಲಿಲ್ಲ. ಗೊತ್ತಿದ್ದೂ ಆಗುತ್ತಿಲ್ಲವಲ್ಲ ಎಂಬುದು ಮೂರನೆಯದಾಯಿತು!

ಪಕ್ಕದ ಮನೆಯವರು ಒಳ್ಳೆಯವರು, ಕೆಂಚನಿಗೆ ಬಿಸ್ಕತ್ತು ಹಾಕುವವರು. ಅವರು ಸಮಾಧಾನ ಹೇಳಿದ್ದು ಹೀಗೆ: "ಬಿಡಿ ಮೇಷ್ಟ್ರೇ, ಅದರ ಹಿಂದಿನ ಜನ್ಮದ ಕರ್ಮ, ಅನುಭವಿಸ್ತಿದೆ." ನನ್ನ ತಪ್ಪನ್ನು ನಾಯಿಯ ಲೆಕ್ಕಕ್ಕೆ ಬರೆದುಬಿಟ್ಟರೆ ನನಗೆ ನಿದ್ದೆ ಬರುತ್ತಿತ್ತು, ನಿಜ. ಆದರೆ ಸಂಯುತ್ತ ನಿಕಾಯದ ಅದೇ ಭಾಗದಲ್ಲಿ ಸೀವಕ ಎಂಬ ಪರಿವ್ರಾಜಕ ಇದನ್ನೇ ಕೇಳುತ್ತಾನೆ: ನಾವು ಪಡುವುದೆಲ್ಲ ಹಿಂದೆ ಮಾಡಿದ್ದರ ಫಲವೇ ಎಂದು. ಭಗವಾನರು ಪಿತ್ತ, ಕಫ, ವಾತ, ಈ ಮೂರೂ ಕೂಡಿದ್ದು, ಋತು ಬದಲಾವಣೆ, ಅಜಾಗರೂಕತೆ, ಹೊರಗಿನಿಂದ ಬಿದ್ದ ಪೆಟ್ಟು ಎಂದು ಕಾರಣಗಳನ್ನು ಎಣಿಸಿ, ಎಲ್ಲವನ್ನೂ ಹಳೆಯ ಕರ್ಮಕ್ಕೆ ಕಟ್ಟುವವರು ಕಣ್ಣೆದುರು ಕಾಣುವ ಸತ್ಯವನ್ನೇ ದಾಟಿ ಮಾತಾಡುತ್ತಾರೆ ಎನ್ನುತ್ತಾರೆ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಪೂರ್ವಜನ್ಮದ ಕರ್ಮದ ವಾದವನ್ನು ಏಕೆ ಅಷ್ಟು ಖಂಡಿಸಿದರು ಎಂಬುದು ನಮಗೆಲ್ಲ ಗೊತ್ತು. ಬಡವರ ಸ್ಥಿತಿಗೆ ಬಡವರನ್ನೇ ಹೊಣೆ ಮಾಡಿ ಸಮಾಜ ಕೈತೊಳೆದುಕೊಳ್ಳಲು ಅದು ಅನುಕೂಲ. ಕೆಂಚನಿಗೆ ಆದದ್ದು ಹೊರಗಿನ ಪೆಟ್ಟು, ಜೊತೆಗೆ ನನ್ನ ಅಜಾಗರೂಕತೆ. ಹಾಗೆ ಸರಿಯಾದ ಹೆಸರಿಟ್ಟ ಮೇಲೆ ವಿಚಿತ್ರವೆಂದರೆ ಸ್ವಲ್ಪ ಹಗುರವಾಯಿತು. ಗೇಟಿಗೆ ತಾನಾಗಿ ಬೀಳುವ ಚಿಲಕ ಹಾಕಿಸಿದೆ. ಕರ್ಮ ಎಂದಿದ್ದರೆ ಹಾಕಿಸುತ್ತಿರಲಿಲ್ಲ.

ನನಗೆ ಉತ್ತರ ಹೇಳಲಾಗದ ಪ್ರಶ್ನೆ ಬಂದದ್ದು ಮನೆಯೊಳಗಿನಿಂದ. ಆಪರೇಷನ್ನು, ಔಷಧಿ, ಹೆಬ್ಬಾಳಕ್ಕೆ ಹೋಗಿಬರುವ ಗಾಡಿ ಬಾಡಿಗೆ ಎಲ್ಲ ಸೇರಿ ನನ್ನ ಸಂಬಳದಲ್ಲಿ ಮೂರನೇ ಒಂದು ಭಾಗ ಹೋಗಿತ್ತು. ಅವ್ವ ಅಕ್ಕಿ ಆರಿಸುತ್ತಾ, ತಲೆಯೆತ್ತದೆ ಕೇಳಿದಳು: "ನಿಮ್ಮಪ್ಪನ ಕಾಲ್ ತೆಗ್ದಾಗ ಮಂಚ ಇರ್ಲಿಲ್ಲ ಕಣಪ್ಪ. ನೆಲದ್ ಮ್ಯಾಲೆ ಮಲಗ್ಸಿದ್ರು. ಇದ್ಕೆ ಇಷ್ಟು ದುಡ್ಡಾ?"

ಅಪ್ಪನಿಗೆ ಸಕ್ಕರೆ ಕಾಯಿಲೆ. ಹೆಬ್ಬೆರಳಿನ ಗಾಯ ಮೇಲೇರಿ ಮೊಣಕಾಲ ಕೆಳಗೆ ತೆಗೆದರು. ಕೂಲಿ ಮಾಡಿ ನನ್ನನ್ನು ಓದಿಸಿದ ಮನುಷ್ಯ. ಆಮೇಲೆ ಸುಮಾರು ಒಂದು ವರ್ಷ ಜಗಲಿಗೇ ಬರಲಿಲ್ಲ. ಯಾರಾದರೂ ಬಂದರೆ ಕಾಲಿನ ಮೇಲೆ ಟವೆಲ್ ಎಳೆದುಕೊಳ್ಳುತ್ತಿದ್ದರು. ನಾನು ಎಂ.ಎ. ಓದುತ್ತಾ ಹಾಸ್ಟೆಲಿನಲ್ಲಿದ್ದೆ, ಊರಿಗೆ ಹೋದಾಗ ಟವೆಲನ್ನು ನೋಡದ ಹಾಗೆ ನಟಿಸುತ್ತಿದ್ದೆ. ಅದನ್ನು ಸರಿಸಿ ಗಾಯ ತೊಳೆದವಳು ಅವ್ವ ಒಬ್ಬಳೇ.

ಮನುಸ್ಮೃತಿ ಊರಾಚೆಯವರ ಆಸ್ತಿಯೆಂದು ನಾಯಿ ಮತ್ತು ಕತ್ತೆಯನ್ನು ಬರೆದಿಟ್ಟಿದೆ. ಮಹಾಡಿನ ಚವದಾರ್ ಕೆರೆಯಲ್ಲಿ ಪ್ರಾಣಿಗಳು ನೀರು ಕುಡಿಯಬಹುದಿತ್ತು, ನಮ್ಮವರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ನೀರನ್ನು ಕೈಯಲ್ಲಿ ತೆಗೆದುಕೊಂಡದ್ದು ಮನುಷ್ಯನ ಹಕ್ಕಿಗಾಗಿ. ನಾಯಿಯ ಬಾಯಿಂದ ನೀರು ಕಸಿಯಲು ಅಲ್ಲ. ಇದನ್ನೆಲ್ಲ ಅವ್ವನಿಗೆ ಹೇಳಿದೆ. ದೀಕ್ಷೆಯ 22 ಪ್ರತಿಜ್ಞೆಗಳಲ್ಲಿ 13ನೆಯದನ್ನೂ ನೆನಪಿಸಿದೆ, ಎಲ್ಲ ಜೀವಿಗಳ ಮೇಲಿನ ಕರುಣೆಯದು. ಅಶೋಕ ತನ್ನ ಎರಡನೆಯ ಬಂಡೆಗಲ್ಲು ಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿಸಿದೆ ಎಂದು ಬರೆಸಿದ್ದನ್ನೂ ಹೇಳಿದೆ. ಮೇಷ್ಟ್ರ ಚಾಳಿ. ಎಲ್ಲ ಕೇಳಿಸಿಕೊಂಡ ಅವ್ವ, "ನಾಯಿ ಮ್ಯಾಲೆ ನಂಗೇನ್ ಸಿಟ್ಟು? ಅವ್ರಿಗೂ ಹಿಂಗೇ ಯಾರಾದ್ರೂ ಕೂತ್ಕಂಡು ಮೈ ಸವರಿದ್ರೆ ಆಗಿತ್ತು ಅಂದೆ ಅಷ್ಟೆ" ಅಂದಳು.

ಆ 'ಯಾರಾದ್ರೂ' ನಾನು. ಚಿಲಕಕ್ಕಿಂತ ಹಳೆಯ ಬಾಣ ಅದು. ಈಗಲೂ ಇದೆ.

ಕೆಂಚನನ್ನು ಮನೆಗೆ ಕರೆತಂದ ಮೊದಲ ರಾತ್ರಿ ಅವನು ಬೆಳಗಿನ ತನಕ ಕುಂಯ್‌ಗುಟ್ಟಿದ. ಅರಿವಳಿಕೆ ಮತ್ತು ನೋವಿನ ಔಷಧಿಗಳ ಮಂಪರಿನಲ್ಲಿ ಹೀಗೆ ಆಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು, ಆದರೂ ತಪ್ಪು ಮಾಡಿಬಿಟ್ಟೆವೇನೋ ಅನ್ನಿಸಿತು. ಬೋಳಿಸಿದ ಪಕ್ಕೆ, ಉದ್ದ ಹೊಲಿಗೆ, ಊತ. ಮಗಳು ಆ ಕಡೆ ನೋಡಲಾರದೆ ಬಲಗಡೆಯೇ ಕೂತು ಓದಿದಳು. ನಾನು ಬಲವಂತ ಮಾಡಲಿಲ್ಲ. ಐದನೆಯ ದಿನ ಅವಳೇ ಎಡಗಡೆಗೆ ಬಂದಳು.

ನಾಯಿ ತನ್ನ ಭಾರದಲ್ಲಿ ಸುಮಾರು ಶೇಕಡ 60ನ್ನು ಮುಂಗಾಲುಗಳ ಮೇಲೆ ಹೊರುತ್ತದಂತೆ. ಆದ್ದರಿಂದ ಮುಂಗಾಲು ಹೋದರೆ ಹಿಂಗಾಲು ಹೋದದ್ದಕ್ಕಿಂತ ಒಗ್ಗಿಕೊಳ್ಳುವುದು ತುಸು ಕಷ್ಟ. ಆದರೂ ಎರಡನೆಯ ದಿನವೇ ಎದ್ದು ನಿಂತ. ಟೈಲ್ಸ್ ನೆಲದಲ್ಲಿ ಜಾರಿ ಮುಖ ಅಡಿಯಾಗಿ ಬಿದ್ದ. ಆಗ ಅವ್ವ ಏನೂ ಮಾತಾಡದೆ ಅಟ್ಟದಿಂದ ಹಳೆಯ ಗೋಣಿಚೀಲಗಳನ್ನು ಇಳಿಸಿ ಬಾಗಿಲಿನಿಂದ ಅಡುಗೆಮನೆಯ ತನಕ ಹಾಸಿದಳು. ಹನ್ನೆರಡನೆಯ ದಿನ ಹೊಲಿಗೆ ತೆಗೆದರು. ಅಲ್ಲಿಯವರೆಗೆ ನೆಕ್ಕದ ಹಾಗೆ ಕುತ್ತಿಗೆಗೆ ಪ್ಲಾಸ್ಟಿಕ್ ಕಾಲರ್ ಹಾಕಿದ್ದೆವು. ಅದನ್ನು ಹಾಕಿಕೊಂಡು ಎಲ್ಲ ಬಾಗಿಲಿಗೂ ಢಿಕ್ಕಿ ಹೊಡೆದ. ಇಂಥ ಸ್ಥಿತಿ ಬಂದವರಿಗೆ ಒಂದು ಮಾತು: ನೋವಿಗೆಂದು ನಮ್ಮ ಮಾತ್ರೆಗಳನ್ನು ಮಾತ್ರ ಕೊಡಬೇಡಿ. ಐಬುಪ್ರೊಫೆನ್ ನಾಯಿಗಳಿಗೆ ವಿಷ. ಡಾಕ್ಟರು ಬರೆದದ್ದನ್ನೇ ಕೊಡಿ.

ಕಂಬ ಕಂಡಾಗ ಹಿಂಗಾಲೆತ್ತುವ ಹಳೆ ಅಭ್ಯಾಸಕ್ಕೆ ಎರಡು ಸಲ ಪಲ್ಟಿ ಹೊಡೆದ. ಮೂರನೆಯ ಸಲ ಕೂತೇ ಮಾಡಿದ. ಮಗಳು ಜೋರಾಗಿ ನಕ್ಕಳು. ಎರಡು ತಿಂಗಳಲ್ಲಿ ನಮ್ಮ ಮನೆಯಲ್ಲಿ ಕೇಳಿದ ಮೊದಲ ನಗು.

ಇಲ್ಲಿ ಒಂದು ಎಚ್ಚರಿಕೆ. ಇಂಥ ವಿಷಯ ಬರೆಯುವವರು ಬೇಗ "ನಾಯಿಯನ್ನು ನೋಡಿ ಕಲಿಯಿರಿ, ಅದಕ್ಕೆ ಇಲ್ಲದ ಸಂಕೋಚ ನಿಮಗೇಕೆ" ಎಂದುಬಿಡುತ್ತಾರೆ. ನಾನು ಹಾಗೆ ಬರೆಯಲಾರೆ. ಕೆಂಚನಿಗೆ ಸಂಕೋಚವಿಲ್ಲ, ಏಕೆಂದರೆ ಅವನ ಕಾಲನ್ನು ಯಾರೂ ಕೂಲಿಗೆ ಕೇಳಿರಲಿಲ್ಲ. ಕಾಲು ಹೋದ ದಿನವೇ ಅಪ್ಪನ ಕೂಲಿ ಹೋಯಿತು, ಹೆಸರು ಹೋಗಿ 'ಕುಂಟ' ಆಯಿತು. ಟವೆಲ್ ಎಳೆದುಕೊಳ್ಳುವುದನ್ನು ಅವರಿಗೆ ಊರು ಕಲಿಸಿತು. ಎರಡನೆಯ ಬಾಣವನ್ನು ಕೆಲವು ಸಲ ನಾವೇ ಚುಚ್ಚಿಕೊಳ್ಳುತ್ತೇವೆ, ಸರಿ. ಕೆಲವರಿಗೆ ಅದನ್ನು ನಾಲ್ಕು ಜನ ಸೇರಿ ಹೊಡೆಯುತ್ತಾರೆ. ಸುತ್ತ ಓದುವಾಗ ಈ ವ್ಯತ್ಯಾಸ ಮರೆಯಬಾರದು ಎಂದು ನನಗನ್ನಿಸುತ್ತದೆ. ವಲಯದ ಹಿರಿಯರು ಭಿನ್ನವಾಗಿ ಯೋಚಿಸುವುದಾದರೆ ಭಾನುವಾರ ಚರ್ಚಿಸೋಣ.

ರಾಜಗೃಹದಲ್ಲಿ ದೇವದತ್ತ ಉರುಳಿಸಿದ ಬಂಡೆಯ ಚೂರು ತಗುಲಿ ಭಗವಾನರ ಪಾದಕ್ಕೇ ಗಾಯವಾಗಿತ್ತು. ತೀವ್ರ ನೋವಿತ್ತೆಂದು ಸುತ್ತ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಅವರು ಮಗ್ಗುಲಾಗಿ ಮಲಗಿ ಅದನ್ನು ಎಚ್ಚರದಿಂದ ಸಹಿಸಿದರು. ಜೀವಕ ವೈದ್ಯ ಗಾಯಕ್ಕೆ ಮದ್ದು ಕಟ್ಟಿದ ಎಂದು ಪರಂಪರೆ ನೆನೆಯುತ್ತದೆ. ಅದೇ ಭಗವಾನರು ಇನ್ನೊಮ್ಮೆ, ಭೇದಿಯಿಂದ ತನ್ನ ಹೊಲಸಿನಲ್ಲೇ ಬಿದ್ದಿದ್ದ, ಯಾರೂ ನೋಡಿಕೊಳ್ಳದ ಭಿಕ್ಷುವನ್ನು ಆನಂದನ ಜೊತೆ ತಾವೇ ತೊಳೆದು ಮಂಚದ ಮೇಲೆ ಮಲಗಿಸಿದರು. ಮಹಾವಗ್ಗದ ಈ ಪ್ರಸಂಗವನ್ನು ಓದುವಾಗಲೆಲ್ಲ ನನಗೆ ಈಗ ಅವ್ವನ ಕೈ ಕಾಣುತ್ತದೆ.

ಹೋದ ವಾರ ಕೆಂಚನನ್ನು ತಪಾಸಣೆಗೆ ಕರೆದುಕೊಂಡು ಹೋದೆವು. ಅವ್ವನೂ ಬಂದಿದ್ದಳು. ಗಾಯ ಪೂರ್ತಿ ಮಾಗಿದೆ, ಕೂದಲು ಬಂದಿದೆ. ಡಾಕ್ಟರು ತೂಕ ನೋಡಿ ಹುಬ್ಬೇರಿಸಿದರು. ಮೂರು ಕಾಲಿನ ನಾಯಿ ದಪ್ಪಗಾಗಬಾರದು, ಉಳಿದ ಕೀಲುಗಳಿಗೆ ಭಾರ ಎಂದು ಮೊದಲೇ ಹೇಳಿದ್ದರು. ಒಂದೂವರೆ ಕೆಜಿ ಹೆಚ್ಚಾಗಿತ್ತು. "ಏನು ಕೊಡ್ತಿದ್ದೀರಿ ಇವನಿಗೆ?" ಎಂದು ಕೇಳಿದರು. ಚೀಟಿಯಲ್ಲಿ ಬರೆದಷ್ಟೇ ಎಂದು ನಾನು ಪ್ರಾಮಾಣಿಕವಾಗಿ ಹೇಳಿದೆ. ಅವ್ವ ಗೋಡೆಯ ಮೇಲಿನ ಹಸುವಿನ ಚಿತ್ರವನ್ನು ಗಮನವಿಟ್ಟು ನೋಡುತ್ತಿದ್ದಳು. ಅವಳ ಸೆರಗಿನ ತುದಿಯಲ್ಲಿ ರಾಗಿಮುದ್ದೆಯ ಚೂರು ಒಣಗಿ ಅಂಟಿಕೊಂಡಿತ್ತು.

ನಮೋ ಬುದ್ಧಾಯ. ಜೈ ಭೀಮ್.