ಜನನ ಪ್ರಮಾಣಪತ್ರದ ಪ್ರತಿ ಪಡೆಯುವ ಬಗೆ

ಜನನ ಪ್ರಮಾಣಪತ್ರ ಕಳೆದುಹೋದರೂ ಮೂಲ ದಾಖಲೆ ನೋಂದಣಿ ಪುಸ್ತಕದಲ್ಲಿ ಉಳಿದಿರುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ, ಶುಲ್ಕ ಕಟ್ಟಿ ದಾಖಲೆ ಹುಡುಕಿಸಿ ದೃಢೀಕೃತ ಪ್ರತಿ ಪಡೆಯಬಹುದು. ಅದಕ್ಕೆ ಸಾಕ್ಷ್ಯದ ಮಾನ್ಯತೆಯೂ ಇದೆ.

ಅರ್ಜಿ ಸಲ್ಲಬೇಕಾದದ್ದು ಮಗು ಹುಟ್ಟಿದ ಊರಿನ ನೋಂದಣಾಧಿಕಾರಿಗೆ, ಈಗ ವಾಸವಿರುವ ಊರಿನಲ್ಲಿ ಅಲ್ಲ. ತವರಿನಲ್ಲಿ ಹೆರಿಗೆಯಾಗಿದ್ದರೆ ದಾಖಲೆ ಇರುವುದು ತವರಿನ ವ್ಯಾಪ್ತಿಯಲ್ಲೇ. ಆಸ್ಪತ್ರೆ ಬೇರೆ ಊರಿನಲ್ಲಿದ್ದರೆ ಆ ಊರಿನಲ್ಲಿ. ಹುಟ್ಟಿದ ದಿನಾಂಕ, ಸ್ಥಳ, ತಂದೆತಾಯಿಯ ಹೆಸರು ತಿಳಿಸಬೇಕು. ನೋಂದಣಿ ಸಂಖ್ಯೆ ಗೊತ್ತಿದ್ದರೆ ಹುಡುಕಾಟ ಬೇಗ ಮುಗಿಯುತ್ತದೆ. ಕರ್ನಾಟಕದಲ್ಲಿ ಇ-ಜನ್ಮ ತಂತ್ರಾಂಶದಲ್ಲಿರುವ ದಾಖಲೆಗಳು ಸುಲಭವಾಗಿ ಸಿಗುತ್ತವೆ. ಹಳ್ಳಿಗಳ ಹಳೆಯ ಪುಸ್ತಕಗಳಿಗೆ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಪ್ರತಿ ಕೈಗೆ ಬಂದೊಡನೆ ಹೆಸರಿನ ಕಾಗುಣಿತ, ದಿನಾಂಕಗಳನ್ನು ಪರಿಶೀಲಿಸಬೇಕು. ತಪ್ಪಿದ್ದರೆ 15ನೇ ಕಲಮಿನಡಿ ತಿದ್ದುಪಡಿ ಸಾಧ್ಯ. ದಾಖಲೆಯೇ ಇಲ್ಲದಿದ್ದರೆ ಅಲಭ್ಯತಾ ಪತ್ರ ಪಡೆದು ತಡವಾದ ನೋಂದಣಿಗೆ ಅರ್ಜಿ ಹಾಕಬೇಕು. ಒಂದು ವರ್ಷ ದಾಟಿದ ಪ್ರಕರಣಗಳಿಗೆ ದಂಡಾಧಿಕಾರಿಯ ಆದೇಶ ಬೇಕು.

2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ ಮುಂತಾದ ಕೆಲಸಗಳಿಗೆ ಜನ್ಮದಿನಾಂಕದ ಪುರಾವೆ ಜನನ ಪ್ರಮಾಣಪತ್ರವೇ. ಆದ್ದರಿಂದ ಅವಸರ ಬೀಳುವ ಮೊದಲೇ ಎರಡು ಮೂರು ಪ್ರತಿಗಳನ್ನು ಪಡೆದಿಡುವುದು ಜಾಣತನ.