ರೂಟ್ ಇಲ್ಲದೆಯೇ ಯಂತ್ರ ನಿಂತಾಗ

2004ರ ಜೂನ್‌ನಲ್ಲಿ ಲಿನಕ್ಸ್ ಕರ್ನಲ್‌ನ ದೋಷವೊಂದು ಬಯಲಾಯಿತು. ಅದನ್ನು ಕೆದಕಲು ಸುಮಾರು 20 ಸಾಲಿನ ಸಿ ಪ್ರೋಗ್ರಾಂ ಸಾಕಿತ್ತು. ಯಾವ ಬಳಕೆದಾರ ಓಡಿಸಿದರೂ 2.4, 2.6 ಸರಣಿಯ ಕರ್ನಲ್ ಇರುವ ಇಂಟೆಲ್ ಮಾದರಿಯ ಯಂತ್ರ ಅಲ್ಲೇ ಸ್ತಬ್ಧ. ರೂಟ್ ಪಾಸ್‌ವರ್ಡ್ ಬೇಕಿಲ್ಲ. ಆಗ ನಾನು ಎಂಜಿನಿಯರಿಂಗ್ ಕಾಲೇಜೊಂದರ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ವಿದ್ಯಾರ್ಥಿಗಳೆಲ್ಲರ ಖಾತೆಯೂ ಒಂದೇ ಸರ್ವರ್‌ನಲ್ಲಿತ್ತು.

ಆದರೂ ಮೊದಲು ಪರೀಕ್ಷಿಸಬೇಕಿತ್ತು: ಹ್ಯಾಂಗ್ ಆದದ್ದೆಲ್ಲ ಕರ್ನಲ್ ದೋಷವಲ್ಲ. ಕೊನೆಯಿಲ್ಲದೆ ಫೋರ್ಕ್ ಮಾಡುವ ಪ್ರೋಗ್ರಾಂ ಕೂಡ ಸರ್ವರನ್ನು ಮಲಗಿಸುತ್ತದೆ; ಅದಕ್ಕೆ ಬಳಕೆದಾರರ ಪ್ರಕ್ರಿಯೆಗಳಿಗೆ ಮಿತಿ ಹಾಕುವ ಯೂಲಿಮಿಟ್ ಸಾಕು. ಕೆಟ್ಟ ರ‍್ಯಾಮ್ ಇದ್ದರೂ ಹೀಗೇ ಆಗಬಹುದು. ಹಾಗಾಗಿ ಬಿಡಿ ಯಂತ್ರವೊಂದನ್ನು ಆರಿಸಿ, ನೆಟ್‌ವರ್ಕ್ ಕೇಬಲ್ ಕಿತ್ತು, ಡಿಸ್ಕನ್ನು ಓದಲಷ್ಟೇ ಬರುವಂತೆ ಮೌಂಟ್ ಮಾಡಿದೆ. ಮಿತಿ ಬಿಗಿಮಾಡಿದ ಮಾಮೂಲಿ ಖಾತೆಯಿಂದ ಆ ಪ್ರೋಗ್ರಾಂ ಓಡಿಸಿದೆ. ಕೀಬೋರ್ಡ್ ಸತ್ತಿತು. ರೀಸೆಟ್ ಗುಂಡಿ ಒತ್ತದೆ ಬೇರೆ ದಾರಿಯೇ ಇರಲಿಲ್ಲ.

ಇದು ಅರ್ಧ ಪುರಾವೆ ಮಾತ್ರ. ಮಿಕ್ಕರ್ಧ ತಿದ್ದುಪಡಿಯಲ್ಲಿತ್ತು. ಆ ಪ್ರೋಗ್ರಾಂ ಸಿಗ್ನಲ್ ಹ್ಯಾಂಡ್ಲರ್ ಒಳಗಿನಿಂದ ಫ್ಲೋಟಿಂಗ್ ಪಾಯಿಂಟ್ ಘಟಕದಲ್ಲಿ ಒಂದು ದೋಷಸ್ಥಿತಿಯನ್ನು ಬಾಕಿ ಉಳಿಸುತ್ತಿತ್ತು. ಕರ್ನಲ್ ಆ ಘಟಕವನ್ನು ತೆರವು ಮಾಡುವಾಗ ಎಫ್‌ವೇಟ್ ಎಂಬ ಆದೇಶ ಓಡಿಸುತ್ತಿತ್ತು. ಬಾಕಿ ದೋಷ ಕರ್ನಲ್‌ನೊಳಗೇ ಎದ್ದು, ಅದನ್ನು ನಿಭಾಯಿಸುವುದರಲ್ಲೇ ಕರ್ನಲ್ ಸುತ್ತುತ್ತ ಉಳಿಯುತ್ತಿತ್ತು. ಎಫ್‌ವೇಟ್‌ಗೂ ಮುಂಚೆ ದೋಷ ಅಳಿಸುವ ಎಫ್‌ಎನ್‌ಕ್ಲೆಕ್ಸ್ ಎಂಬ ಒಂದೇ ಆದೇಶ ಸೇರಿಸಿದ್ದೇ ಪರಿಹಾರ. ಇಷ್ಟು ಚಿಕ್ಕ ತಿದ್ದುಪಡಿ ಇಷ್ಟು ದೊಡ್ಡ ಬಾಗಿಲನ್ನು ಮುಚ್ಚಿದ್ದು ಇಂದಿಗೂ ನನಗೆ ಬೆರಗು.

ಅದೇ ಯಂತ್ರದಲ್ಲಿ, ಅದೇ ಕಂಪೈಲರ್‌ನಲ್ಲಿ, ಆ ಪ್ಯಾಚ್ ಒಂದನ್ನೇ ಸೇರಿಸಿ ಕರ್ನಲ್ ಕಟ್ಟಿ, ಅದೇ ಪ್ರೋಗ್ರಾಂ ಓಡಿಸಿದೆ. ಈ ಸಲ ಇನ್ನೊಂದು ಕನ್ಸೋಲ್‌ಗೆ ಹೋಗಿ ಲಾಗಿನ್ ಆಗಲು ಸಾಧ್ಯವಾಯಿತು. ಆಗಷ್ಟೇ ವಿಭಾಗದ ಮುಖ್ಯಸ್ಥರ ಬಳಿ, “ಸರ್, ದೋಷ ನಿಜ, ಮದ್ದೂ ನಿಜ” ಎಂದೆ.

“ಸರ್ವರ್‌ಗೆ ಹೊಸ ಕರ್ನಲ್ ಹಾಕೋತನಕ ಜಿಸಿಸಿ ಕಂಪೈಲರ್ ತೆಗೆದುಬಿಡ್ರಿ,” ಎಂದರು ಅವರು. ನಾನು ಒಪ್ಪಲಿಲ್ಲ. ಮನೆಯಲ್ಲಿ ಕಂಪೈಲ್ ಮಾಡಿದ ಫೈಲನ್ನು ಫ್ಲಾಪಿಯಲ್ಲಿ ತಂದರೂ ಯಂತ್ರ ನಿಲ್ಲುತ್ತದೆ; ಜಿಸಿಸಿ ತೆಗೆದರೆ ನಷ್ಟ ಸಿ ಕಲಿಯಲು ಬಂದ ಮಕ್ಕಳಿಗೆ ಮಾತ್ರ. ಅಂದು ಸಂಜೆ ಲಾಗಿನ್ ಮುಚ್ಚಿ ಸರ್ವರ್‌ಗೆ ಹೊಸ ಕರ್ನಲ್ ಹಾಕಿದೆವು. ಮರುದಿನ ಪ್ರಾಕ್ಟಿಕಲ್ಸ್ ಎಂದಿನಂತೆ ನಡೆದವು, ಜಿಸಿಸಿ ಸಮೇತ.